ನನ್ನ ಕೈ, ಅವರ ಕಾಲು

ಆ ವಿಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ನನಗೇ ಲೆಕ್ಕವಿಲ್ಲ. ಕಳೆದ ವರ್ಷದ ಆಗಸ್ಟ್ 15ರಂದು ಗೆಳತಿಯೊಬ್ಬಳು ಗ್ಯಾಲರಿಯಲ್ಲಿ ಕೂತು ಮೊಬೈಲ್‌ನಲ್ಲಿ ತೆಗೆದದ್ದು. ಹಾಸನದ ಆಗಸ್ಟ್ ಎಂದರೆ ಗೊತ್ತಲ್ಲ, ಮಳೆ ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ. ಒದ್ದೆ ಮೈದಾನ, ಬಿಳಿ ಸುಣ್ಣದ ಗೆರೆ, ದೂರದಲ್ಲಿ ಧ್ವಜಸ್ತಂಭ. ನಮ್ಮ ಕಾಲೇಜಿನ ಬ್ಯಾಂಡ್ ಮುಂದೆ, ಅದರ ಹಿಂದೆ ಆರು ಶಾಲೆಗಳ ಮಕ್ಕಳ ತುಕಡಿ. ಬ್ಯಾಂಡಿನ ನಡುವೆ ಹೊಟ್ಟೆಯ ಮೇಲೆ ದೊಡ್ಡ ಡ್ರಮ್ ಹೊತ್ತು, ಮುಖವೇ ಕಾಣದಂತೆ ನಡೆಯುತ್ತಿರುವವಳು ನಾನು.

ಮೊದಲ ಅರ್ಧ ನಿಮಿಷ ಎಲ್ಲ ಚೆನ್ನಾಗಿದೆ. ಗೌರವ ವಂದನೆಯ ವೇದಿಕೆ ಹತ್ತಿರವಾಗುತ್ತಿದ್ದಂತೆ ನನ್ನ ಕೈ ಓಡತೊಡಗುತ್ತದೆ. ಎದೆ ಬಡಿತ ಹೆಚ್ಚಾಯಿತೋ, ಕೈಯೂ ಅದರ ಜೊತೆಗೇ ಹೆಚ್ಚು ಮಾಡಿತೋ, ಅಂತೂ ಆಗ ನನಗೆ ಗೊತ್ತೇ ಆಗಲಿಲ್ಲ. ಸೈಡ್ ಡ್ರಮ್‌ನವರು ನನ್ನ ಹಿಂದೆ ಓಡಿದರು, ಅವರ ಹಿಂದೆ ಕೊಳಲು ಊದುವವರು, ಅವರ ಹಿಂದೆ ತುಕಡಿಗಳು. ಕೊನೆಯಲ್ಲಿದ್ದದ್ದು ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳು. ವೇದಿಕೆಯ ಎದುರಿಗೆ ಬರುವಷ್ಟರಲ್ಲಿ ಅವರು ನಡೆಯುತ್ತಿರಲಿಲ್ಲ, ಅರ್ಧ ಓಡುತ್ತಿದ್ದರು. ಮೂರನೇ ಸಾಲಿನ ಒಬ್ಬ ಹುಡುಗಿಯ ಬಿಳಿ ಕ್ಯಾನ್ವಾಸ್ ಶೂ ಕೆಸರಿಗೆ ಸಿಕ್ಕಿ ಕಳಚಿತು. ಹಿಂದಿನವರು ಅವಳಿಗೆ ಡಿಕ್ಕಿ ಹೊಡೆದರು. ಆ ಸಾಲೇ ಚದುರಿತು. ಅವಳು ಮಾತ್ರ ನಿಲ್ಲಲಿಲ್ಲ. ಒಂದು ಶೂ, ಒಂದು ಕಾಲುಚೀಲದಲ್ಲಿ, ತಲೆಯನ್ನು ಬಲಕ್ಕೆ ತಿರುಗಿಸಿ, ವಂದನೆ ಕೊಟ್ಟು ಮುಂದೆ ಹೋದಳು.

ಮುಖ್ಯ ಅತಿಥಿಗಳು ಗಮನಿಸಿದಂತೆ ಕಾಣಲಿಲ್ಲ. ಚಪ್ಪಾಳೆಯೂ ಕಡಿಮೆಯಾಗಲಿಲ್ಲ. ನನಗೂ ಏನೂ ಗೊತ್ತಿರಲಿಲ್ಲ, ನಗುತ್ತಲೇ ಡ್ರಮ್ ಇಳಿಸಿದೆ. ಆಗ ನಮ್ಮ ಬ್ಯಾಂಡ್ ಮೇಷ್ಟ್ರು ಹತ್ತಿರ ಬಂದರು. ಸೇನೆಯ ರೆಜಿಮೆಂಟ್ ಬ್ಯಾಂಡಿನಲ್ಲಿ ಇದ್ದು ನಿವೃತ್ತರಾದವರು. ಬೈಯುವವರಲ್ಲ.

'ಏನವ್ವಾ, ಬಸ್ಸಿಗೆ ಹೊತ್ತಾಗಿತ್ತಾ?' ಅಂದರು. ನನಗೆ ಅರ್ಥವಾಗಲಿಲ್ಲ. 'ಕೈ ನಿಂದು. ಆದ್ರೆ ನಡೆಯೋ ಕಾಲು ನಿಂದಲ್ಲ. ಹಿಂದೆ ಹೋಗಿ ಆ ಮಗೂನ ನೋಡು' ಎಂದು ಹೇಳಿ ಹೋದರು.

ಹೋಗಿ ನೋಡಿದೆ. ಅವಳು ಕಟ್ಟೆಯ ಮೇಲೆ ಕೂತು ಕೆಸರಾದ ಕಾಲುಚೀಲ ಹಿಂಡುತ್ತಿದ್ದಳು. ಅವರ ಶಿಕ್ಷಕಿ, 'ಶೂ ಲೇಸ್ ಸರಿಯಾಗಿ ಕಟ್ಟೋಕೆ ಬರಲ್ವಾ ನಿಂಗೆ?' ಎಂದು ಗದರುತ್ತಿದ್ದರು. ತಪ್ಪು ಲೇಸಿನದ್ದಲ್ಲ, ನನ್ನದು ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಆ ರಾತ್ರಿ ವಿಡಿಯೊ ಹಾಕಿಕೊಂಡು, ಮೊಬೈಲ್‌ನ ಮೆಟ್ರೊನೋಮ್ ಆ್ಯಪ್‌ನಲ್ಲಿ ನನ್ನ ಪೆಟ್ಟಿಗೆ ಸರಿಯಾಗಿ ಬೆರಳು ತಟ್ಟುತ್ತಾ ವೇಗ ಅಳೆದೆ. ಶುರುವಿನಲ್ಲಿ ನಿಮಿಷಕ್ಕೆ 116 ಹೆಜ್ಜೆ. ವೇದಿಕೆಯ ಎದುರು 132.

ಬ್ಯಾಂಡಿನಲ್ಲಿ ಡ್ರಮ್ ಎಂದರೆ ಸದ್ದು ಮಾಡುವುದು ಎಂದುಕೊಂಡಿದ್ದೆ. ಹೈಸ್ಕೂಲಿನಲ್ಲಿ ಬ್ಯಾಂಡ್ ಸೆಟ್ ಬಂದಾಗ ಎಲ್ಲರಿಗೂ ಬೇಕಾಗಿದ್ದದ್ದು ಸೈಡ್ ಡ್ರಮ್. ಸಪೂರ ಕೋಲು, ಚಟಪಟ ಪೆಟ್ಟು, ನೋಡಲು ಚಂದ. ಅದರ ಕೆಳಗಿನ ಚರ್ಮಕ್ಕೆ ತಾಗಿ ಬಿಗಿದ ತಂತಿಗಳಿಂದಾಗಿ ಆ ಚುರುಕು ಸದ್ದು. ಅದು ಸಿಗದವರಿಗೆ ಟೆನರ್ ಡ್ರಮ್, ಆಮೇಲೆ ಸಿಂಬಲ್ಸ್, ಟ್ರಯಾಂಗಲ್. ಎತ್ತರವಾಗಿ, ಗಟ್ಟಿಮುಟ್ಟಾಗಿ ಇದ್ದವರಿಗೆ ಬೇಸ್ ಡ್ರಮ್. ನಮ್ಮ ತರಗತಿಯಲ್ಲಿ ಎತ್ತರದವಳು ನಾನೇ. 'ಹುಡುಗಿಗೆ ಯಾಕೆ ಸರ್ ಅಷ್ಟು ಭಾರ?' ಎಂದು ಯಾರೋ ಕೇಳಿದ್ದೂ ನೆನಪಿದೆ. ಭಾರ ನನಗೆ ಸಮಸ್ಯೆಯಾಗಿರಲಿಲ್ಲ. 'ಧಂ, ಧಂ' ಬಿಟ್ಟರೆ ಬೇರೇನೂ ಇಲ್ಲವಲ್ಲ ಎಂಬುದೇ ಬೇಜಾರು.

ಆ 'ಧಂ' ಮೇಲೆಯೇ ಎಲ್ಲವೂ ನಿಂತಿದೆ ಎಂಬುದು ತಿಳಿಯಲು ಆ ಶೂ ಕಳಚಬೇಕಾಯಿತು. ಕವಾಯತಿನ ನಡಿಗೆಯಲ್ಲಿ ಬೇಸ್ ಡ್ರಮ್ಮಿನ ಜೋರು ಪೆಟ್ಟು ಬೀಳುವುದು ಎಡಗಾಲಿಗೆ. ತುಕಡಿಯಲ್ಲಿ ಹೆಜ್ಜೆ ತಪ್ಪಿದವರು ಹಾಡನ್ನು ಕೇಳುವುದಿಲ್ಲ, ಆ ಪೆಟ್ಟನ್ನು ಹುಡುಕುತ್ತಾರೆ. ಹಾಡು ನಿಲ್ಲಬೇಕಾದಾಗ ಬೇಸ್ ಡ್ರಮ್ ಎರಡು ಜೋರು ಪೆಟ್ಟು ಕೊಡುತ್ತದೆ. ಅದಕ್ಕೆ ಡಬಲ್ ಟ್ಯಾಪ್ ಎನ್ನುತ್ತಾರೆ. ಇಡೀ ಬ್ಯಾಂಡಿಗೆ ಅದೇ ಸೂಚನೆ. ಬೇಸ್ ಡ್ರಮ್‌ನವರು ಕೋಲನ್ನು ತಲೆಯ ಮೇಲೆ ಎತ್ತಿ ಬೀಸುವುದು ಬರೀ ಶೋಕಿಗಲ್ಲ. ಸದ್ದು ಕೇಳಿಸದಷ್ಟು ಗಲಾಟೆಯಿದ್ದರೂ ಕೈ ಕಾಣಿಸಬೇಕು.

ಈ ವಾದ್ಯಗಳ ಊರು ಯಾವುದು ಎಂದು ಹುಡುಕಿದರೆ ಇನ್ನೂ ಸ್ವಾರಸ್ಯ. ಸೇನೆಯ ಬ್ಯಾಂಡ್ ಎಂದರೆ ಬ್ರಿಟಿಷರದ್ದು ಎಂದುಕೊಳ್ಳುತ್ತೇವೆ. ನಮ್ಮ ದೇಶಕ್ಕೆ ಅದು ಬಂದದ್ದು ಅವರ ಮೂಲಕವೇ ನಿಜ. ಆದರೆ ಬೇಸ್ ಡ್ರಮ್, ಸಿಂಬಲ್ಸ್, ಟ್ರಯಾಂಗಲ್‌ಗಳು ಯುರೋಪಿನ ಸೇನಾ ಬ್ಯಾಂಡುಗಳಿಗೆ 18ನೇ ಶತಮಾನದಲ್ಲಿ ಸೇರಿಕೊಂಡದ್ದು ತುರ್ಕಿಯ ಪ್ರಭಾವದಿಂದ. ಒಟ್ಟೊಮನ್ ಸುಲ್ತಾನರ ಜಾನಿಸರಿ ಸೈನಿಕರ ಜೊತೆ ಮೆಹ್ತರ್ ಎಂಬ ವಾದ್ಯಮೇಳ ಇರುತ್ತಿತ್ತು. ದೊಡ್ಡ ಡೋಲು, ನಗಾರಿ, ತಾಳ, ಓಲಗದಂಥ ಜೋರು ದನಿಯ ವಾದ್ಯ. ಅದನ್ನು ಕೇಳಿ ಬೆರಗಾದ ಯುರೋಪಿನ ರಾಜರು ತಮ್ಮ ಸೇನೆಗೂ ಅಂಥದ್ದೇ ಬೇಕು ಎಂದರು. ಬೇಸ್ ಡ್ರಮ್ಮನ್ನು ಆಗ 'ತುರ್ಕಿ ಡ್ರಮ್' ಎಂದೇ ಕರೆಯುತ್ತಿದ್ದರು. ಇಂದು ಜಗತ್ತಿನ ಎಲ್ಲೆಡೆ ಸಿಗುವ ಝಿಲ್ಜಿಯನ್ ಸಿಂಬಲ್ಸ್ ಶುರುವಾದದ್ದು ಕೂಡ 1623ರಲ್ಲಿ, ಈಗಿನ ಇಸ್ತಾಂಬುಲ್‌ನಲ್ಲಿ, ಅವೆಡಿಸ್ ಎಂಬ ಅರ್ಮೇನಿಯನ್ ಲೋಹಕಾರನ ಕೈಯಲ್ಲಿ. ಆ ಕಂಪನಿ ಈಗ ಅಮೆರಿಕದಲ್ಲಿದೆ. ನನ್ನ ಡ್ರಮ್ಮಿನ ಮೇಲೆ ಅಚ್ಚಾಗಿರುವ ಊರು ಮಾತ್ರ ಮೇರಠ್. ಅಲ್ಲಿನ ಜಾಲಿ ಕೋಠಿ ಬ್ಯಾಂಡ್ ವಾದ್ಯ ತಯಾರಿಕೆಗೆ ಹೆಸರುವಾಸಿ.

ಸರಿ, ಕೈ ಓಡದಂತೆ ಮಾಡುವುದು ಹೇಗೆ? ಮೇಷ್ಟ್ರು ಡ್ರಮ್ ಮುಟ್ಟಲು ಬಿಡಲಿಲ್ಲ. ಹದಿನೈದು ದಿನ ಬರಿಗೈಯಲ್ಲಿ ತೊಡೆ ತಟ್ಟುತ್ತಾ ಮೈದಾನ ಸುತ್ತಿಸಿದರು. ಮೊಬೈಲ್‌ನಲ್ಲಿ 116ಕ್ಕೆ ಮೆಟ್ರೊನೋಮ್ ಇಟ್ಟು, ನಾಲ್ಕು ಸುತ್ತು ಅದರ ಜೊತೆ, ಆಮೇಲೆ ನಾಲ್ಕು ಸುತ್ತು ಅದಿಲ್ಲದೆ. ಕೊನೆಗೆ ಮತ್ತೆ ಹಚ್ಚಿದರೆ ಎರಡೂ ಕೂಡಬೇಕು. ಮೊದಲ ವಾರ ಒಂದು ದಿನವೂ ಕೂಡಲಿಲ್ಲ. ಯಾವಾಗಲೂ ನಾನೇ ಮುಂದೆ. 'ನಿಧಾನ ಆಗೋರನ್ನ ತಳ್ಳಬಹುದು, ಓಡೋರನ್ನ ಹಿಡಿಯೋದು ಕಷ್ಟ' ಎನ್ನುತ್ತಿದ್ದರು ಮೇಷ್ಟ್ರು.

ಸೈಡ್ ಡ್ರಮ್‌ನವರಿಗೆ ಬೇರೆ ಪಾಠ. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಇದಕ್ಕೆ ಪ್ಯಾರಡಿಡಲ್ ಎಂದು ಹೆಸರು. ಸಂಗೀತ ಕಲಿಯುವವರಿಗೆ ಸರಳೆ ವರಸೆ ಇದ್ದಂತೆ ಡ್ರಮ್ ಕಲಿಯುವವರಿಗೆ ರೂಡಿಮೆಂಟ್ಸ್ ಎಂಬ ಮೂಲ ಪೆಟ್ಟುಗಳ ಪಟ್ಟಿ ಇದೆ, ಒಟ್ಟು 40. ಎಡಗೈಯಲ್ಲಿ ಕೋಲನ್ನು ಅಂಗೈ ಮೇಲಾಗಿ ಹಿಡಿಯುವ ವಿಚಿತ್ರ ಹಿಡಿತ ನೋಡಿರುತ್ತೀರಿ. ಹಿಂದೆ ಡ್ರಮ್ಮನ್ನು ಭುಜದ ಪಟ್ಟಿಯಿಂದ ಪಕ್ಕಕ್ಕೆ ಇಳಿಬಿಟ್ಟಾಗ ಅದು ಓರೆಯಾಗಿ ನಿಲ್ಲುತ್ತಿತ್ತು, ಆ ಓರೆಗೆ ಹೊಂದಿಕೊಂಡ ಹಿಡಿತ ಅದು. ಈಗ ಎಷ್ಟೋ ಕಡೆ ಡ್ರಮ್ಮನ್ನು ಎದೆಗೆ ಕಟ್ಟಿದ ಚೌಕಟ್ಟಿನಲ್ಲಿ ನೇರವಾಗಿ ನಿಲ್ಲಿಸುತ್ತಾರೆ, ಆದರೂ ಹಿಡಿತ ಉಳಿದುಕೊಂಡಿದೆ.

ಹಾಸ್ಟೆಲಿನಲ್ಲಿ ರಾತ್ರಿ ಅಮೆರಿಕದ ಕಾಲೇಜುಗಳ ಡ್ರಮ್‌ಲೈನ್ ವಿಡಿಯೊ ನೋಡುವುದು ನನಗೆ ಚಟವಾಯಿತು. ಅಲ್ಲಿ ಬೇಸ್ ಡ್ರಮ್ ಒಂದಲ್ಲ, ಸಾಮಾನ್ಯವಾಗಿ ಐದು. ಒಂದಕ್ಕಿಂತ ಒಂದು ದೊಡ್ಡದು, ಒಂದಕ್ಕಿಂತ ಒಂದರ ಶ್ರುತಿ ತಗ್ಗು. ಅವುಗಳಲ್ಲಿ ಒಂದು ರಾಗದಂಥದ್ದನ್ನೇ ನುಡಿಸುತ್ತಾರೆ. ಆದರೆ ಒಬ್ಬರ ಕೈಯಲ್ಲಿರುವುದು ಒಂದೇ ಸ್ವರ. ಐವರ ಪೆಟ್ಟು ಸಾಲಾಗಿ, ಒಂದು ಸೆಕೆಂಡಿನ ಚೂರುಚೂರಿನಲ್ಲಿ, ಒಂದೇ ಕೈ ಬಾರಿಸಿದಂತೆ ಉರುಳಬೇಕು. ಅವರ ಸ್ನೇರ್ ಡ್ರಮ್ಮುಗಳ ಮೇಲೆ ಗುಂಡುನಿರೋಧಕ ಜಾಕೆಟ್ಟಿಗೆ ಬಳಸುವ ಕೆವ್ಲಾರ್ ನಾರಿನ ಹೊದಿಕೆ ಇರುತ್ತದೆ. ಅಷ್ಟು ಬಿಗಿಯುತ್ತಾರೆ, ಒಣ ಮರ ಬಡಿದಂತೆ ಸದ್ದು.

ನೋಡಿದ ಮೇಲೆ ಸುಮ್ಮನಿರಲು ಆಗುತ್ತದೆಯೇ? ನಾವು ನಾಲ್ವರು ಹುಡುಗಿಯರು ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಾಲ್ಕು ಬಕೆಟ್ ಬೋರಲು ಹಾಕಿಕೊಂಡು ಕೂತೆವು. ತ-ಕ-ಧಿ-ಮಿ ಎಂದು ಹೇಳಿಕೊಂಡು, ತ ಒಬ್ಬಳಿಗೆ, ಕ ಇನ್ನೊಬ್ಬಳಿಗೆ. ನನ್ನ ಪಾಲಿಗೆ ಧಿ. ಒಂದು ಪೆಟ್ಟು ಹೊಡೆದು ಮೂರು ಪೆಟ್ಟಿನಷ್ಟು ಕಾಯಬೇಕು. ಹೊಡೆಯುವುದಕ್ಕಿಂತ ಕಾಯುವುದು ಕಷ್ಟ ಎಂದು ಆಗ ಗೊತ್ತಾಯಿತು. ಮೂರು ದಿನ ಬಕೆಟ್ಟುಗಳು ಕುದುರೆ ಲಾಯದಂತೆ ಕೇಳಿಸಿದವು. ನಾಲ್ಕನೆಯ ಸಂಜೆ ಒಂದೇ ಒಂದು ಸಲ, ಸುಮಾರು ಹತ್ತು ಸೆಕೆಂಡು, ನಾಲ್ಕೂ ಕೂಡಿ ಉರುಳಿತು. ನಾವೇ ಗಾಬರಿಯಾಗಿ ನಿಲ್ಲಿಸಿಬಿಟ್ಟೆವು. ಅಷ್ಟರಲ್ಲಿ ವಾರ್ಡನ್ ಮೇಡಂ ಬಂದಿದ್ದರು, ಅದು ಬೇರೆ ಕಥೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಿದ ಹಾಲ್‌ನಲ್ಲಿ ದಿನಾ ಒಂದೂವರೆ ಗಂಟೆ ಅಭ್ಯಾಸ ಮಾಡಿದ ನಮ್ಮ ಸೈಡ್ ಡ್ರಮ್ ಹುಡುಗನೊಬ್ಬನಿಗೆ ಕಿವಿ ಗುಂಯ್‌ಗುಡಲು ಶುರುವಾಯಿತು. ವೈದ್ಯರು ಸದ್ದಿನಿಂದಲೇ ಎಂದರು. ಸದ್ದು 85 ಡೆಸಿಬಲ್ ಇದ್ದರೆ ದಿನಕ್ಕೆ ಎಂಟು ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಹೆಚ್ಚಿದಂತೆ ಆ ಸಮಯ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಬರೀ ಹದಿನೈದು ನಿಮಿಷ. ಔಷಧಿ ಅಂಗಡಿಯಲ್ಲಿ ಸಿಗುವ ಇಯರ್ ಪ್ಲಗ್ ಹಾಕಿಕೊಳ್ಳಲು ನಾಚಿಕೆ ಬೇಡ. ನಾವೀಗ ಎಲ್ಲರೂ ಹಾಕುತ್ತೇವೆ, ಅಭ್ಯಾಸವನ್ನೂ ಬಯಲಿಗೆ ತಂದಿದ್ದೇವೆ.

ಇಷ್ಟರ ನಡುವೆ ಮೂರನೇ ಸೆಮಿಸ್ಟರ್ ಫಲಿತಾಂಶ ಬಂತು. ಗಣಿತದಲ್ಲಿ ಬ್ಯಾಕ್‌ಲಾಗ್. ಅಪ್ಪ ಫೋನಿನಲ್ಲಿ ಬೈಯಲಿಲ್ಲ, 'ಆ ಡ್ರಮ್ ಬಡಿಯೋದ್ರಿಂದ ಏನು ಸಿಗುತ್ತೆ ಮಗಳೇ?' ಎಂದಷ್ಟೇ ಕೇಳಿದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಕೆಲಸ ಸಿಗುತ್ತದೆ ಎನ್ನಲೇ? ಅದೂ ಸುಳ್ಳಲ್ಲ. ಸೇನೆ, ಪೊಲೀಸ್ ಇಲಾಖೆಗಳಲ್ಲಿ ಬ್ಯಾಂಡ್ ಇದೆ. ದಸರಾ ಜಂಬೂ ಸವಾರಿಯಲ್ಲಿ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ವಾಯುಪಡೆ ಅಗ್ನಿವೀರವಾಯು ಯೋಜನೆಯಲ್ಲಿ ಸಂಗೀತಗಾರರನ್ನೇ ಪ್ರತ್ಯೇಕವಾಗಿ ನೇಮಿಸಿಕೊಳ್ಳುತ್ತದೆ. ಹತ್ತನೇ ತರಗತಿ ಪಾಸಾಗಿ, ವಾದ್ಯ ನುಡಿಸಿ ತೋರಿಸುವವರಿಗೆ ಅದು ನಿಜವಾದ ದಾರಿ. ಆಸಕ್ತರು ಅಧಿಸೂಚನೆ ಬಂದಾಗ ಗಮನಿಸಿ. ಆದರೆ ನಾನು ಹೋಗುವ ದಾರಿ ಅದಲ್ಲ ಎಂದು ನನಗೂ ಗೊತ್ತು, ಅಪ್ಪನಿಗೂ ಗೊತ್ತು.

ಆ ವಾರ ಮೊಬೈಲ್‌ನಲ್ಲಿ ಸ್ಕ್ರೀನ್ ಟೈಮ್ ತೆಗೆದು ನೋಡಿದೆ. ಬ್ಯಾಂಡಿಗೆ ದಿನಕ್ಕೆ ಒಂದೂವರೆ ಗಂಟೆ, ರೀಲ್ಸಿಗೆ ಮೂರು ಗಂಟೆ. ಬಿಡಬೇಕಾದದ್ದು ಯಾವುದು ಎಂದು ಲೆಕ್ಕವೇ ಹೇಳಿತು. ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಂದಿನ ಪರೀಕ್ಷೆಯಲ್ಲಿ ಬ್ಯಾಕ್‌ಲಾಗ್ ತೆಗೆದೆ. ಭಾರಿ ಅಂಕವೇನಲ್ಲ, ಪಾಸು.

ಅಪ್ಪನ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ಮತ್ತೆ ಅದೇ ವಿಡಿಯೊದಲ್ಲಿ. ಈ ವರ್ಷ ಜುಲೈನಲ್ಲಿ ಪರೇಡ್ ಅಭ್ಯಾಸ ಶುರುವಾಗುವ ಮೊದಲು ಅದನ್ನು ಇನ್ನೊಮ್ಮೆ ಹಾಕಿದೆ. ಈ ಸಲ ನನ್ನನ್ನು ನೋಡಲಿಲ್ಲ, ಬರೀ ಕಾಲುಗಳನ್ನು ನೋಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾನಿನ್ನೂ ಓಡದೆ 116ರಲ್ಲೇ ಇದ್ದ ಮೊದಲ ಅರ್ಧ ನಿಮಿಷದಲ್ಲೂ ಕೊನೆಯ ತುಕಡಿಯ ಕಾಲು ನಮ್ಮ ಕಾಲಿನ ಜೊತೆ ಬೀಳುತ್ತಿರಲಿಲ್ಲ. ಮುಂದಿನ ತುಕಡಿ ಸರಿ, ಎರಡನೆಯದು ಒಂಚೂರು ತಡ, ಮೂರನೆಯದು ಇನ್ನೂ ತಡ. ಗದ್ದೆಯ ಪೈರಿನ ಮೇಲೆ ಗಾಳಿ ಹೋದ ಹಾಗೆ ಹೆಜ್ಜೆಗಳು ಅಲೆಯಾಗಿ ಹಿಂದಕ್ಕೆ ಹೋಗುತ್ತಿದ್ದವು. ಮಕ್ಕಳಿಗೆ ನಡೆಯಲು ಬರುವುದಿಲ್ಲ ಎಂದಲ್ಲ. ಅವರಿಗೆ ನನ್ನ ಪೆಟ್ಟು ತಡವಾಗಿ ಮುಟ್ಟುತ್ತಿತ್ತು.

ಲೆಕ್ಕ ಪಿಯುಸಿ ಮಟ್ಟದ್ದು. ನಮ್ಮ ಆಗಸ್ಟ್ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಕೊನೆಯ ತುಕಡಿ ನನ್ನಿಂದ ಸುಮಾರು 100 ಮೀಟರ್ ಹಿಂದಿತ್ತು. ಅಂದರೆ 0.29 ಸೆಕೆಂಡು ತಡ. ನಿಮಿಷಕ್ಕೆ 116 ಹೆಜ್ಜೆಯಾದರೆ ಒಂದು ಹೆಜ್ಜೆಗೆ 0.52 ಸೆಕೆಂಡು. ಎಂದರೆ ಅರ್ಧ ಹೆಜ್ಜೆಗಿಂತ ಹೆಚ್ಚು ತಡ! ಇನ್ನೂ ಹಿಂದೆ, ಸುಮಾರು 180 ಮೀಟರ್ ದೂರದಲ್ಲಿ ಯಾರಾದರೂ ಇದ್ದಿದ್ದರೆ, ನಮ್ಮದು ಬಲಗಾಲು ಬೀಳುವಾಗ ಅವರದು ಎಡಗಾಲು ಬೀಳುತ್ತಿತ್ತು. ತಪ್ಪು ಅವರದ್ದಲ್ಲ, ಶಬ್ದದ್ದು.

ಮುಂದಿನವರ ಕಾಲು ನೋಡಿದರೆ ಒಂದು ಲಯ, ಕಿವಿ ಕೇಳಿದರೆ ಇನ್ನೊಂದು. ಇವೆರಡರ ನಡುವೆ ಸಿಕ್ಕಿಕೊಂಡ ಪುಟ್ಟ ಮಕ್ಕಳ ಮೇಲೆ ನಾನು ಬೇರೆ ವೇಗ ಹೆಚ್ಚಿಸಿದ್ದೆ. ಆ ಶೂ ಕಳಚದೆ ಇನ್ನೇನು ಮಾಡೀತು?

ಇದು ದೊಡ್ಡ ಬ್ಯಾಂಡುಗಳಿಗೂ ಇರುವ ತಾಪತ್ರಯವೇ. ಅಮೆರಿಕದ ಫುಟ್‌ಬಾಲ್ ಮೈದಾನದ ಅಗಲ ಸುಮಾರು 49 ಮೀಟರ್. ಹಿಂದಿನ ಅಂಚಿನ ಸದ್ದು ಮುಂದಿನ ಅಂಚಿಗೆ ಬರಲು 0.14 ಸೆಕೆಂಡು ಬೇಕು. ಕೇಳುವವರಿಗೆ ಅದು ಗೊಂದಲ. ಅದಕ್ಕೆ ಅವರಲ್ಲಿ ಒಂದು ನಿಯಮ ಇದೆ. ಹಿಂದೆ ಇರುವ ಡ್ರಮ್‌ನವರು ಡ್ರಮ್ ಮೇಜರ್‌ನ ಕೈ ನೋಡಿ ನುಡಿಸಬೇಕು, ಮುಂದಿನವರು ಹಿಂದಿನಿಂದ ಬರುವ ಡ್ರಮ್ಮಿಗೆ ಕಿವಿಗೊಟ್ಟು ನುಡಿಸಬೇಕು. ಆಗ ಎರಡೂ ಸದ್ದು ಒಟ್ಟಿಗೆ ಪ್ರೇಕ್ಷಕರನ್ನು ಮುಟ್ಟುತ್ತವೆ.

ನನ್ನೊಳಗಿನ ಎಂಜಿನಿಯರ್ ಎದ್ದು ಕೂತಳು. ಸಾಲಿನ ಮಧ್ಯದಲ್ಲಿ ಎರಡನೇ ಬೇಸ್ ಡ್ರಮ್ ನಿಲ್ಲಿಸೋಣ, ಅವನು ನನ್ನ ಸದ್ದು ಕೇಳದೆ, ಎತ್ತಿದ ಕೋಲು ನೋಡಿ ಹೊಡೆಯಲಿ, ಬೆಳಕಿಗೆ ತಡವಿಲ್ಲವಲ್ಲ ಎಂದು ಮೇಷ್ಟ್ರಿಗೆ ಹಾಳೆಯಲ್ಲಿ ಬರೆದು ತೋರಿಸಿದೆ. 'ಮಾಡಿ ನೋಡು' ಎಂದರು. ಮಾಡಿದೆವು. ಅವನು ಸರಿಯಾಗಿಯೇ ಹೊಡೆದ. ಆದರೆ ಮಧ್ಯದಲ್ಲಿದ್ದವರಿಗೆ ಅವನ ಪೆಟ್ಟು ಮೊದಲು, ನನ್ನದು ಆಮೇಲೆ ಕೇಳಿಸಿ, 'ಧಂಧಂ, ಧಂಧಂ' ಎಂದು ಪ್ರತಿ ಹೆಜ್ಜೆಗೂ ಎರಡೆರಡು ಪೆಟ್ಟು. ಯಾವುದಕ್ಕೆ ಕಾಲಿಡಬೇಕು ಎಂದು ತಿಳಿಯದೆ ಎಲ್ಲರೂ ನಗುತ್ತಾ ನಿಂತುಬಿಟ್ಟರು. ಮೇಷ್ಟ್ರೂ ನಕ್ಕರು. ಆಮೇಲೆ ನನ್ನ ಹಾಳೆಯನ್ನು ಇನ್ನೊಮ್ಮೆ ನೋಡಿ, 'ಲೆಕ್ಕ ಸರಿಯಾಗೇ ಇದೆ ಕಣಮ್ಮ. ದೂರ ಇದ್ದೋರಿಗೆ ತಾನೇ ತೊಂದ್ರೆ? ಯಾರನ್ನ ದೂರ ನಿಲ್ಲಿಸಿದೀವಿ ನಾವು?' ಎಂದು ಕೇಳಿದರು.

ಪ್ರತಿ ವರ್ಷವೂ ಕ್ರಮ ಒಂದೇ. ಕಾಲೇಜಿನವರು ಮುಂದೆ, ಆಮೇಲೆ ಹೈಸ್ಕೂಲು, ಕೊನೆಗೆ ಪ್ರಾಥಮಿಕ ಶಾಲೆಯವರು. ಎತ್ತರದವರು ಮುಂದಿದ್ದರೆ ಚಂದ ಎಂದು ಯಾರೋ ಯಾವಾಗಲೋ ಮಾಡಿದ್ದಿರಬೇಕು. ಉದ್ದ ಕಾಲಿನವರು, ಅನುಭವ ಇದ್ದವರು ಡ್ರಮ್ಮಿನ ಪಕ್ಕದಲ್ಲಿ. ಪುಟ್ಟ ಕಾಲಿನವರು, ಮೊದಲ ಸಲ ಬಂದವರು ಸದ್ದು ತಡವಾಗಿ ಮುಟ್ಟುವ ಕಡೆ. ನಾವಿಬ್ಬರೂ ಪೂರ್ವಾಭ್ಯಾಸದ ಉಸ್ತುವಾರಿ ನೋಡುತ್ತಿದ್ದ ದೈಹಿಕ ಶಿಕ್ಷಕರ ಹತ್ತಿರ ಹೋದೆವು. ನಾನು ವಿಡಿಯೊ ತೋರಿಸಿದೆ, ಕಾಲುಗಳನ್ನು ನೋಡಿ ಸರ್ ಎಂದೆ. ಅವರು ಎರಡು ಸಲ ನೋಡಿದರು. 'ಪುಟಾಣಿಗಳು ಮುಂದೆ ಬಂದ್ರೆ ಚಪ್ಪಾಳೆನೂ ಜಾಸ್ತಿ ಬೀಳುತ್ತೆ ಬಿಡಿ' ಎಂದು ಒಪ್ಪಿಕೊಂಡರು. ಅವರ ಕಾರಣ ಬೇರೆ, ನಮ್ಮ ಕಾರಣ ಬೇರೆ. ಕೆಲಸ ಆಯಿತಲ್ಲ.

ಈ ವರ್ಷದ ಆಗಸ್ಟ್ 15ರಂದು ನನ್ನ ಬೆನ್ನ ಹಿಂದೆ, ಹೆಚ್ಚೆಂದರೆ ಹತ್ತು ಮೀಟರ್ ದೂರದಲ್ಲಿ, ಆ ಮಕ್ಕಳಿದ್ದರು. ಹತ್ತು ಮೀಟರಿಗೆ 0.03 ಸೆಕೆಂಡು, ಯಾವ ಕಾಲಿಗೂ ಗೊತ್ತಾಗದಷ್ಟು. ಹೊರಡುವ ಮೊದಲು ಹಿಂದೆ ತಿರುಗಿ ನೋಡಿದೆ. ಹೋದ ವರ್ಷದ ಹುಡುಗಿ ಎರಡನೇ ಸಾಲಿನಲ್ಲಿದ್ದಳು, ಒಂದು ಗೇಣು ಎತ್ತರವಾಗಿದ್ದಳು. ಹತ್ತಿರ ಹೋಗಿ, 'ಹೋದ ಸಲ ನಿನ್ನ ಶೂ ಬಿದ್ದಿದ್ದು ನನ್ನಿಂದ ಪುಟ್ಟಿ, ನಾನು ಜೋರಾಗಿ ಹೊಡ್ಕೊಂಡು ಹೋಗ್ಬಿಟ್ಟೆ' ಎಂದೆ. ಅವಳು ಒಂದು ಕ್ಷಣ ನನ್ನನ್ನೂ ಡ್ರಮ್ಮನ್ನೂ ನೋಡಿ, 'ಈ ಸಲ ಡಬಲ್ ಗಂಟು ಹಾಕಿದೀನಿ ಅಕ್ಕ' ಎಂದಳು.

ಮೇಷ್ಟ್ರ ಸನ್ನೆ, ಸೈಡ್ ಡ್ರಮ್ಮಿನ ಉರುಳು, ಎಡಗಾಲಿಗೆ ನನ್ನ ಮೊದಲ ಪೆಟ್ಟು. ವೇದಿಕೆ ಹತ್ತಿರವಾಗುತ್ತಿದ್ದಂತೆ ಎದೆ ಈ ಸಲವೂ ಓಡಿತು. ಅದು ಓಡಲಿ ಎಂದು ಬಿಟ್ಟೆ. ಹಿಂದಿನಿಂದ ಕೆಸರಿನಲ್ಲಿ ಬೀಳುವ ಪುಟ್ಟ ಹೆಜ್ಜೆಗಳ ಸದ್ದು ಕೇಳಿಸುತ್ತಿತ್ತು. ಅದನ್ನೇ ಕೇಳಿಕೊಂಡು, ಅದಕ್ಕೆ ಸರಿಯಾಗಿ ಹೊಡೆಯುತ್ತಾ ಹೋದೆ. ನಾನು ಅವರನ್ನು ನಡೆಸುತ್ತಿದ್ದೆನೋ, ಅವರು ನನ್ನನ್ನು ಹಿಡಿದುಕೊಂಡಿದ್ದರೋ ಗೊತ್ತಿಲ್ಲ. ಸುತ್ತು ಮುಗಿಯಿತು. ಡಬಲ್ ಟ್ಯಾಪ್.

ರಾತ್ರಿ ಗೆಳತಿಯ ವಿಡಿಯೊ ಬಂತು. ಮೊದಲು ಅಳೆದೆ. ಶುರುವಿನಲ್ಲಿ 116, ವೇದಿಕೆಯ ಎದುರು 118. ಆಮೇಲೆ ಆ ಮಕ್ಕಳ ಕಾಲುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಶೂಗಳೂ ಕಾಲಲ್ಲೇ ಇದ್ದವು. ಮೇಷ್ಟ್ರು ಮೈದಾನದಲ್ಲಿ ಏನೂ ಹೇಳದೆ ಹೋಗಿದ್ದರು. ಅವರು ಏನೂ ಹೇಳಲಿಲ್ಲ ಎಂದರೆ ಸರಿಯಾಗಿತ್ತು ಎಂದರ್ಥ. ವಿಡಿಯೊವನ್ನು ಅಪ್ಪನಿಗೂ ಕಳಿಸಿದೆ. ಸ್ವಲ್ಪ ಹೊತ್ತಿನ ನಂತರ ಉತ್ತರ ಬಂತು: 'ಮಕ್ಕಳು ಚೆನ್ನಾಗಿ ನಡೆದವು. ನೀನು ಎಲ್ಲಿದೀಯ, ಕಾಣಲೇ ಇಲ್ಲ?'

ಡ್ರಮ್ಮಿನ ಹಿಂದೆ ಇದ್ದೀನಿ ಅಪ್ಪ ಎಂದು ಬರೆದೆ.